ಸಂಗಾತಿಗೆ ವಿದೇಶದಲ್ಲಿ ಕೆಲಸ ಸಿಕ್ಕಿತು: ಜೊತೆಗೆ ಹೋಗುವವರಿಗೆ ಯಾವ ವೀಸಾ? ಅಲ್ಲಿ ದುಡಿಯಬಹುದೇ?

ಪುಣೆಯ ಹಿಂಜವಡಿಯಲ್ಲಿ ಇಬ್ಬರೂ ಐಟಿ ಕೆಲಸದಲ್ಲಿರುವ ಕನ್ನಡದ ದಂಪತಿಯೊಂದನ್ನು ಊಹಿಸಿಕೊಳ್ಳಿ. ಅವನ ಊರು ಬಾಗಲಕೋಟೆ, ಅವಳದು ಶಿವಮೊಗ್ಗ. ಫ್ಲ್ಯಾಟ್ ಸಾಲದ ಕಂತು ಇಬ್ಬರ ಸಂಬಳದಿಂದಲೂ ಹೋಗುತ್ತಿದೆ. ಒಂದು ಸಂಜೆ ಅವನಿಗೆ ಅಮೆರಿಕದ ಕೆಲಸದ ಪತ್ರ ಬರುತ್ತದೆ. 'ಕುಟುಂಬದ ವೀಸಾ ವ್ಯವಸ್ಥೆಯನ್ನೂ ಕಂಪನಿಯೇ ನೋಡಿಕೊಳ್ಳುತ್ತದೆ' ಎಂಬ ಒಂದು ಸಾಲು ಅದರಲ್ಲಿದೆ. ಊರಿಗೆ ಫೋನ್ ಹೋಗುತ್ತದೆ, ಎರಡೂ ಮನೆಗಳಲ್ಲಿ ಸಿಹಿ ಹಂಚುತ್ತಾರೆ. ಅವಳು ಏಳು ವರ್ಷದ ಕೆಲಸಕ್ಕೆ ರಾಜೀನಾಮೆ ಬರೆಯಲು ಕೂರುತ್ತಾಳೆ.

ಆದರೆ ಅಲ್ಲಿಗೆ ಹೋದ ಮೇಲೆ ಅವಳು ಕೆಲಸ ಮಾಡಬಹುದೇ? ಆ ಒಂದು ಸಾಲಿನಲ್ಲಿ ಇದಕ್ಕೆ ಉತ್ತರವಿಲ್ಲ. ಕಂಪನಿ ಅವನನ್ನು ಎಲ್‌-1 ವೀಸಾದಲ್ಲಿ ಕಳುಹಿಸಿದರೆ ಅವಳು ವಿಮಾನ ಇಳಿದ ಮರುದಿನವೇ ಕೆಲಸಕ್ಕೆ ಸೇರಬಹುದು. ಎಚ್‌-1ಬಿ ವೀಸಾದಲ್ಲಿ ಕಳುಹಿಸಿದರೆ ವರ್ಷಗಟ್ಟಲೆ ಒಂದು ಡಾಲರ್ ಕೂಡ ದುಡಿಯುವಂತಿಲ್ಲ. ಊರು ಅದೇ, ಕಚೇರಿ ಅದೇ, ಅವನ ಸಂಬಳವೂ ಹೆಚ್ಚುಕಡಿಮೆ ಅದೇ. ಬದಲಾಗುವುದು ಅವಳ ಪಾಸ್‌ಪೋರ್ಟಿನಲ್ಲಿನ ಒಂದು ಅಕ್ಷರ ಮಾತ್ರ.

ಜೊತೆಗೆ ಹೋಗುವವರ ವೀಸಾವನ್ನು ಸಾಮಾನ್ಯವಾಗಿ ಡಿಪೆಂಡೆಂಟ್ ವೀಸಾ ಅಥವಾ ಅವಲಂಬಿತರ ವೀಸಾ ಎನ್ನುತ್ತಾರೆ. ಕೆಲಸಕ್ಕೆ ಹೋಗುವವರ ವೀಸಾ ಎಷ್ಟು ದಿನ ಇರುತ್ತದೋ ಇದೂ ಅಷ್ಟೇ ದಿನ. ಅವರದು ರದ್ದಾದರೆ ಇದೂ ರದ್ದಾಗುತ್ತದೆ. ಬಹುತೇಕ ದೇಶಗಳಲ್ಲಿ ಇದು ಸಿಗುವುದು ಕಷ್ಟವೇನಲ್ಲ. ಹಾಗಾಗಿಯೇ 'ವೀಸಾ ಬರುತ್ತದೆಯೇ' ಎಂದು ಎಲ್ಲರೂ ಕೇಳುತ್ತಾರೆ, 'ಆ ವೀಸಾದಲ್ಲಿ ಏನು ಮಾಡಬಹುದು' ಎಂದು ಕೇಳುವವರು ಕಡಿಮೆ. ದುಡಿಯುವ ಹಕ್ಕು ಇದೆಯೇ, ಅವರ ಕೆಲಸ ಹೋದರೆ ಅಥವಾ ಸಂಬಂಧ ಮುರಿದರೆ ಏನಾಗುತ್ತದೆ ಎಂಬುದನ್ನು ರಾಜೀನಾಮೆ ಕೊಡುವ ಮೊದಲೇ ತಿಳಿದುಕೊಳ್ಳಬೇಕು.

ಅಮೆರಿಕ: ಎಚ್‌-4 ಎಂಬ ಕಾಯುವಿಕೆ

ಎಚ್‌-1ಬಿ ಉದ್ಯೋಗಿಯ ಪತಿ ಅಥವಾ ಪತ್ನಿಗೆ ಮತ್ತು 21 ವರ್ಷದೊಳಗಿನ ಅವಿವಾಹಿತ ಮಕ್ಕಳಿಗೆ ಸಿಗುವುದು ಎಚ್‌-4 ವೀಸಾ. ಇದರಲ್ಲಿ ಓದಬಹುದು, ಪದವಿಗೂ ಸೇರಬಹುದು. ಕೆಲಸ ಮಾಡುವಂತಿಲ್ಲ. ಕೆಲಸದ ಅನುಮತಿ ಇಲ್ಲದವರಿಗೆ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಯೂ ಸಿಗುವುದಿಲ್ಲ. ತೆರಿಗೆ ಲೆಕ್ಕಕ್ಕೆ ಐಟಿಐಎನ್ ಎಂಬ ಬೇರೆ ಸಂಖ್ಯೆ ಪಡೆಯಬೇಕು.

2015ರ ಮೇ 26ರಿಂದ ಇದಕ್ಕೊಂದು ವಿನಾಯಿತಿ ಇದೆ. ಎಚ್‌-1ಬಿ ಉದ್ಯೋಗಿಗೆ ಗ್ರೀನ್ ಕಾರ್ಡ್ ಪ್ರಕ್ರಿಯೆಯ ಐ-140 ಅರ್ಜಿ ಮಂಜೂರಾಗಿದ್ದರೆ, ಅಥವಾ ಗ್ರೀನ್ ಕಾರ್ಡ್ ಪ್ರಕ್ರಿಯೆ ಬಾಕಿ ಇರುವ ಕಾರಣಕ್ಕೆ ಆರು ವರ್ಷದ ಮಿತಿ ದಾಟಿ ವಿಸ್ತರಣೆ ಸಿಕ್ಕಿದ್ದರೆ, ಅವರ ಸಂಗಾತಿ ಉದ್ಯೋಗ ಪರವಾನಗಿಗೆ ಅರ್ಜಿ ಹಾಕಬಹುದು. ಎಚ್‌-4 ಇಎಡಿ ಎಂದು ಕರೆಯುವುದು ಇದನ್ನೇ. ಈ ಕಾರ್ಡ್ ಸಿಕ್ಕರೆ ಯಾವ ಕಂಪನಿಯಲ್ಲಾದರೂ ಕೆಲಸ ಮಾಡಬಹುದು, ಸ್ವಂತ ವ್ಯವಹಾರವನ್ನೂ ನಡೆಸಬಹುದು. ಇದರ ಲಾಭ ಪಡೆದವರಲ್ಲಿ ಹೆಚ್ಚಿನವರು ಭಾರತೀಯ ಮಹಿಳೆಯರು.

ಈ ನಿಯಮವನ್ನು 'ಸೇವ್ ಜಾಬ್ಸ್ ಯುಎಸ್‌ಎ' ಎಂಬ ಗುಂಪು ಹತ್ತು ವರ್ಷ ಕೋರ್ಟಿನಲ್ಲಿ ಪ್ರಶ್ನಿಸುತ್ತಲೇ ಬಂತು. 2024ರ ಆಗಸ್ಟ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ನಿಯಮವನ್ನು ಎತ್ತಿಹಿಡಿಯಿತು. 2025ರ ಅಕ್ಟೋಬರ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಪ್ರಕರಣವನ್ನು ಕೈಗೆತ್ತಿಕೊಳ್ಳಲು ನಿರಾಕರಿಸಿತು. ಅಲ್ಲಿಗೆ ಆ ಆತಂಕ ಮುಗಿಯಿತು ಎಂದು ನಿಟ್ಟುಸಿರು ಬಿಡುವಷ್ಟರಲ್ಲಿ ಅದೇ ತಿಂಗಳು ಇನ್ನೊಂದು ಪೆಟ್ಟು ಬಿತ್ತು. ಅಲ್ಲಿಯವರೆಗೆ ನವೀಕರಣಕ್ಕೆ ಅರ್ಜಿ ಹಾಕಿದವರಿಗೆ ಹಳೆಯ ಕಾರ್ಡ್‌ನ ಅವಧಿ 540 ದಿನಗಳವರೆಗೆ ತಾನಾಗಿ ವಿಸ್ತರಣೆಯಾಗುತ್ತಿತ್ತು. 2025ರ ಅಕ್ಟೋಬರ್ 30ರಿಂದ ಸಲ್ಲಿಸಿದ ಅರ್ಜಿಗಳಿಗೆ ಆ ಸೌಲಭ್ಯವಿಲ್ಲ. ಹಳೆಯ ಕಾರ್ಡ್ ಮುಗಿಯುವ ದಿನಕ್ಕೆ ಹೊಸದು ಕೈಗೆ ಬಂದಿರದಿದ್ದರೆ ಅಂದೇ ಕೆಲಸ ನಿಲ್ಲಿಸಬೇಕು. ಅವಧಿ ಮುಗಿಯುವ 180 ದಿನ ಮೊದಲೇ ನವೀಕರಣಕ್ಕೆ ಅರ್ಜಿ ಹಾಕಲು ಅವಕಾಶವಿದೆ. ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಗುರುತು ಹಾಕಿಕೊಳ್ಳಬೇಕಾದ ದಿನ ಅದು.

ಹಿಂಜವಡಿಯ ದಂಪತಿಯ ಲೆಕ್ಕಕ್ಕೆ ಬಂದರೆ, ಐ-140 ಅರ್ಜಿ ಹಾಕುವುದು ಕಂಪನಿ. ಅದಕ್ಕೂ ಮೊದಲು ಪರ್ಮ್ ಎಂಬ ಕಾರ್ಮಿಕ ಇಲಾಖೆಯ ಹಂತ ಮುಗಿಯಬೇಕು. ಅದೊಂದಕ್ಕೇ ಈಗ ವರ್ಷಕ್ಕೂ ಹೆಚ್ಚು ಸಮಯ ಹಿಡಿಯುತ್ತಿದೆ. ಕಂಪನಿ ಎರಡು ವರ್ಷ ನೋಡಿ ಆಮೇಲೆ ಗ್ರೀನ್ ಕಾರ್ಡ್ ಆರಂಭಿಸುತ್ತೇವೆ ಎಂದರೆ ಅವಳ ಖಾಲಿ ವರ್ಷಗಳು ಮೂರೋ ನಾಲ್ಕೋ ಆಗುತ್ತವೆ. ಆದ್ದರಿಂದ ಆಫರ್ ಒಪ್ಪುವ ಮೊದಲು ಮಾತನಾಡಬೇಕಾದದ್ದು ಸಂಬಳ ಒಂದನ್ನೇ ಅಲ್ಲ. ಗ್ರೀನ್ ಕಾರ್ಡ್ ಪ್ರಕ್ರಿಯೆಯನ್ನು ಯಾವಾಗ ಆರಂಭಿಸುತ್ತೀರಿ ಎಂಬುದನ್ನು ಬರವಣಿಗೆಯಲ್ಲಿ ಕೇಳಬೇಕು. ಆಫರ್ ಕೈಯಲ್ಲಿರುವಾಗ ಕೇಳುವಷ್ಟು ಧೈರ್ಯ ಅಮೆರಿಕ ಸೇರಿದ ಮೇಲೆ ಬಹಳ ಜನರಿಗೆ ಉಳಿಯುವುದಿಲ್ಲ.

ಎಲ್‌-1 ಇದಕ್ಕಿಂತ ಬೇರೆ. ಒಂದೇ ಕಂಪನಿಯ ಭಾರತದ ಕಚೇರಿಯಿಂದ ಅಮೆರಿಕದ ಕಚೇರಿಗೆ ವರ್ಗವಾಗುವವರಿಗೆ ಸಿಗುವ ವೀಸಾ ಇದು. ಇವರ ಸಂಗಾತಿಗೆ ಎಲ್‌-2. 2021ರ ನವೆಂಬರ್‌ನಿಂದ ಎಲ್‌-2 ಸಂಗಾತಿಗಳು ಪ್ರತ್ಯೇಕ ಪರವಾನಗಿ ಪಡೆಯಬೇಕಿಲ್ಲ. ದೇಶ ಪ್ರವೇಶಿಸುವಾಗ ಕೊಡುವ ಐ-94 ದಾಖಲೆಯಲ್ಲಿ 'ಎಲ್‌-2ಎಸ್‌' ಎಂದಿದ್ದರೆ ಅದೇ ಕೆಲಸದ ಅನುಮತಿಯ ಪುರಾವೆ. ಕಂಪನಿ ಎರಡೂ ದಾರಿಗಳನ್ನು ಮುಂದಿಟ್ಟರೆ ಇಬ್ಬರೂ ದುಡಿಯುವ ಮನೆಗೆ ಎಲ್‌-1 ಹೆಚ್ಚು ಅನುಕೂಲ. ಅದರ ಕೊರತೆಯೆಂದರೆ ಆ ಕಂಪನಿ ಬಿಟ್ಟು ಬೇರೆ ಕಂಪನಿಗೆ ಹೋಗಲಾಗದು.

ಪತಿಯೋ ಪತ್ನಿಯೋ ಓದಲು ಹೋಗುತ್ತಿದ್ದರೆ ಜೊತೆಗಾರರಿಗೆ ಸಿಗುವುದು ಎಫ್‌-2. ಇದರಲ್ಲಿ ಕೆಲಸವಿಲ್ಲ, ಪೂರ್ಣಾವಧಿಯ ಪದವಿ ಓದಿಗೂ ಅವಕಾಶವಿಲ್ಲ. ಸಂಶೋಧಕರಿಗೆ ಸಿಗುವ ಜೆ-1 ವೀಸಾದವರ ಸಂಗಾತಿ ಜೆ-2ನಲ್ಲಿ ಕೆಲಸದ ಅನುಮತಿಗೆ ಅರ್ಜಿ ಹಾಕಬಹುದು.

ಎಚ್‌-4ನಲ್ಲಿರುವವರು ಸ್ವಂತ ಎಚ್‌-1ಬಿಗೆ ಪ್ರಯತ್ನಿಸಬಹುದೇ? ಖಂಡಿತ. ಎಚ್‌-4ನಲ್ಲಿ ಕಳೆದ ವರ್ಷಗಳು ಎಚ್‌-1ಬಿಯ ಆರು ವರ್ಷದ ಮಿತಿಗೆ ಲೆಕ್ಕವಾಗುವುದಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಹೊಸ ಎಚ್‌-1ಬಿ ಅರ್ಜಿಗಳಿಗೆ 1,00,000 ಡಾಲರ್ ಶುಲ್ಕ ಘೋಷಣೆಯಾದಾಗ ಎಚ್‌-4ನಲ್ಲಿದ್ದವರಿಗೂ ಗಾಬರಿಯಾಗಿತ್ತು. ಅಮೆರಿಕದೊಳಗೇ ಇದ್ದು ವೀಸಾ ಸ್ಥಿತಿ ಬದಲಿಸಿಕೊಳ್ಳುವವರಿಗೆ ಆ ಶುಲ್ಕ ಅನ್ವಯಿಸುವುದಿಲ್ಲ ಎಂದು ಅಕ್ಟೋಬರ್ 20ರಂದು ಅಲ್ಲಿನ ವಲಸೆ ಇಲಾಖೆ ಸ್ಪಷ್ಟಪಡಿಸಿತು. ಲಾಟರಿಯ ಅದೃಷ್ಟ ಮಾತ್ರ ಎಲ್ಲರಿಗೂ ಬೇಕು.

'ಭಾರತದ ಕಂಪನಿಗೆ ಅಲ್ಲಿಂದಲೇ ವರ್ಕ್ ಫ್ರಂ ಹೋಮ್ ಮಾಡಿದರಾಯಿತು' ಎಂಬ ಸಲಹೆ ಸ್ನೇಹಿತರ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಧಾರಾಳವಾಗಿ ಸಿಗುತ್ತದೆ. ಸಂಬಳ ಭಾರತದ ಖಾತೆಗೆ ಬಂದರೂ ಕೆಲಸ ಮಾಡಿದ ಜಾಗ ಅಮೆರಿಕವೇ ಆಗುತ್ತದೆ. ಎಚ್‌-4 ನಿಯಮದಲ್ಲಿ ಇದಕ್ಕೆ ಸ್ಪಷ್ಟ ಅನುಮತಿ ಇಲ್ಲ. ಮುಂದೆ ಗ್ರೀನ್ ಕಾರ್ಡ್ ಅರ್ಜಿಯಲ್ಲಿ ಇದೇ ಪ್ರಶ್ನೆ ಎದ್ದರೆ ಉತ್ತರಿಸಬೇಕಾದವರು ಸಲಹೆ ಕೊಟ್ಟ ಸ್ನೇಹಿತರಲ್ಲ. ವಲಸೆ ವಕೀಲರನ್ನು ಕೇಳದೆ ಈ ದಾರಿ ಹಿಡಿಯಬಾರದು.

ಸಂದರ್ಶನದ ವಿಷಯದಲ್ಲೂ ಬದಲಾವಣೆಯಾಗಿದೆ. 2025ರ ಸೆಪ್ಟೆಂಬರ್‌ನಿಂದ ಎಚ್‌-4 ಅರ್ಜಿದಾರರಿಗೆ ಡ್ರಾಪ್‌ಬಾಕ್ಸ್ ಸೌಲಭ್ಯ ಬಹುತೇಕ ಇಲ್ಲ, ಖುದ್ದಾಗಿ ಹಾಜರಾಗಬೇಕು. ಡಿಸೆಂಬರ್ 15ರಿಂದ ಎಚ್‌-1ಬಿ, ಎಚ್‌-4 ಅರ್ಜಿದಾರರ ಸಾಮಾಜಿಕ ಜಾಲತಾಣಗಳ ಪರಿಶೀಲನೆಯೂ ಸೇರಿತು. ಆಗ ಭಾರತದಲ್ಲಿ ಸಾಕಷ್ಟು ಅಪಾಯಿಂಟ್‌ಮೆಂಟ್‌ಗಳು ತಿಂಗಳುಗಟ್ಟಲೆ ಮುಂದೆ ಹೋಗಿ, ರಜೆಗೆಂದು ಬಂದವರು ಊರಲ್ಲೇ ಸಿಕ್ಕಿಕೊಂಡರು. ತಂಗಿಯ ಮದುವೆಗೆ, ಮನೆಯ ಗೃಹಪ್ರವೇಶಕ್ಕೆ ಬರುವವರು ಪಾಸ್‌ಪೋರ್ಟಿನಲ್ಲಿ ಚಾಲ್ತಿಯಲ್ಲಿರುವ ವೀಸಾ ಮುದ್ರೆ ಇದೆಯೇ ಎಂದು ನೋಡಿಕೊಂಡೇ ಟಿಕೆಟ್ ತೆಗೆಯಬೇಕು.

ಬ್ರಿಟನ್: ದುಡಿಯಲು ಅಡ್ಡಿಯಿಲ್ಲ, ಆದರೆ ಎಲ್ಲರಿಗೂ ಬಾಗಿಲು ತೆರೆದಿಲ್ಲ

ಬ್ರಿಟನ್ನಿನ ಸ್ಕಿಲ್ಡ್ ವರ್ಕರ್ ವೀಸಾದವರ ಸಂಗಾತಿ ಬಹುತೇಕ ಯಾವ ಕೆಲಸವನ್ನಾದರೂ ಮಾಡಬಹುದು. ವೃತ್ತಿಪರ ಕ್ರೀಡಾಪಟು ಅಥವಾ ಕೋಚ್ ಆಗುವಂತಿಲ್ಲ, ಅಷ್ಟೇ. ಪ್ರತ್ಯೇಕ ಪರವಾನಗಿ ಬೇಕಿಲ್ಲ.

ತೊಡಕು ಇರುವುದು ಬೇರೆ ಕಡೆ. 2024ರ ಮಾರ್ಚ್ 11ರಿಂದ ಕೇರ್ ವರ್ಕರ್‌ಗಳಾಗಿ, ಅಂದರೆ ವೃದ್ಧರ, ಅಶಕ್ತರ ಆರೈಕೆಯ ಕೆಲಸಕ್ಕೆ ಹೊಸದಾಗಿ ಹೋಗುವವರು ಕುಟುಂಬವನ್ನು ಕರೆದೊಯ್ಯುವಂತಿಲ್ಲ. 2025ರ ಜುಲೈ 22ರಿಂದ ಈ ಕೆಲಸಕ್ಕೆ ವಿದೇಶದಿಂದ ಹೊಸ ನೇಮಕಾತಿಯೇ ನಿಂತಿದೆ. ಅದೇ ದಿನದಿಂದ, ಪದವಿ ಮಟ್ಟಕ್ಕಿಂತ ಕೆಳಗಿನ ಕೌಶಲದ ಪಟ್ಟಿಯಲ್ಲಿರುವ ಹುದ್ದೆಗಳಿಗೆ ಹೊಸದಾಗಿ ಹೋಗುವವರಿಗೂ ಕುಟುಂಬದ ಅವಕಾಶವಿಲ್ಲ. ವಿದ್ಯಾರ್ಥಿಗಳ ಕಥೆಯೂ ಹಾಗೆಯೇ. 2024ರ ಜನವರಿಯಿಂದ ಪಿಎಚ್‌ಡಿ ಅಥವಾ ಸಂಶೋಧನಾ ಕೋರ್ಸ್‌ಗಳವರು ಮಾತ್ರ ಸಂಗಾತಿಯನ್ನು ಕರೆದೊಯ್ಯಬಹುದು. ಸಾಮಾನ್ಯ ಎಂ.ಎಸ್ಸಿ, ಎಂಬಿಎ ಓದುವವರಿಗೆ ಆ ಬಾಗಿಲು ಮುಚ್ಚಿದೆ.

ಮಂಗಳೂರು, ಉಡುಪಿ ಕಡೆಯಿಂದ ನರ್ಸಿಂಗ್ ಓದಿ ಹೊರಡುವವರು ಈ ವ್ಯತ್ಯಾಸವನ್ನು ಬಿಡಿಸಿ ನೋಡಬೇಕು. ನೋಂದಾಯಿತ ನರ್ಸ್ ಹುದ್ದೆ ಪದವಿ ಮಟ್ಟದ್ದು. ಆ ವೀಸಾದಲ್ಲಿ ಗಂಡ, ಮಕ್ಕಳು ಜೊತೆಗೆ ಹೋಗಬಹುದು. ಕೇರ್ ವರ್ಕರ್ ಹುದ್ದೆ ಬೇರೆ. ಎರಡನ್ನೂ 'ಹೆಲ್ತ್ ಅಂಡ್ ಕೇರ್ ವೀಸಾ' ಎಂಬ ಒಂದೇ ಹೆಸರಿನಡಿ ತೋರಿಸಿ 'ಫ್ಯಾಮಿಲಿ ಸಮೇತ ಯುಕೆ' ಎಂದು ಹಣ ಕೀಳುವ ಏಜೆಂಟರಿದ್ದಾರೆ. ಕೊಡುತ್ತಿರುವ ಹುದ್ದೆಯ ಕೋಡ್ ಯಾವುದು ಎಂದು ಮೊದಲು ಕೇಳಿ. ನೇಮಕಾತಿ ಏಜೆಂಟ್ ನೋಂದಾಯಿತನೇ ಎಂಬುದನ್ನು ವಿದೇಶಾಂಗ ಸಚಿವಾಲಯದ ಇಮೈಗ್ರೇಟ್ ಪೋರ್ಟಲ್‌ನಲ್ಲಿ ನೋಡಬಹುದು.

ಖರ್ಚೂ ಸಣ್ಣದಲ್ಲ. ವೀಸಾ ಶುಲ್ಕದ ಹೊರತಾಗಿ ಆರೋಗ್ಯ ಸರ್ಚಾರ್ಜ್ ಎಂದು ವಯಸ್ಕರಿಗೆ ವರ್ಷಕ್ಕೆ 1,035 ಪೌಂಡ್, ಮಕ್ಕಳಿಗೆ 776 ಪೌಂಡ್ ಕಟ್ಟಬೇಕು. ಅದೂ ಪೂರ್ತಿ ವೀಸಾ ಅವಧಿಯದ್ದು, ಮುಂಗಡವಾಗಿ. ದಂಪತಿ ಮತ್ತು ಒಂದು ಮಗು ಮೂರು ವರ್ಷಕ್ಕೆ ಹೊರಟರೆ 8,538 ಪೌಂಡ್ ಆಗುತ್ತದೆ. ರೂಪಾಯಿಯಲ್ಲಿ ಇದು 9 ಲಕ್ಷ ದಾಟುವ ಮೊತ್ತ. ನರ್ಸ್‌, ವೈದ್ಯರಂತಹ ಹೆಲ್ತ್ ಅಂಡ್ ಕೇರ್ ವೀಸಾದವರಿಗೆ ಮತ್ತು ಅವರ ಕುಟುಂಬಕ್ಕೆ ಈ ಸರ್ಚಾರ್ಜ್ ಇಲ್ಲ. ಉಳಿದವರು ಇದನ್ನು ಕಂಪನಿ ಭರಿಸುತ್ತದೆಯೇ, ಭರಿಸಿದರೆ ಉದ್ಯೋಗಿಗೆ ಮಾತ್ರವೇ ಕುಟುಂಬಕ್ಕೂ ಉಂಟೇ ಎಂದು ಕೇಳಿಕೊಳ್ಳಬೇಕು. ಇದಲ್ಲದೆ ಬ್ಯಾಂಕಿನಲ್ಲಿ 28 ದಿನ ಕದಲದೆ ಇರಬೇಕಾದ ಹಣ ಸಂಗಾತಿಗೆ 285 ಪೌಂಡ್, ಮೊದಲ ಮಗುವಿಗೆ 315 ಪೌಂಡ್. ಕಂಪನಿ ಹೊಣೆ ಹೊತ್ತು ಪ್ರಮಾಣೀಕರಿಸಿದರೆ ಇದು ಬೇಕಾಗದು. ಭಾರತದಿಂದ ಹೋಗುವವರು ಕ್ಷಯರೋಗ ತಪಾಸಣೆಯ ಪ್ರಮಾಣಪತ್ರವನ್ನೂ ಕೊಡಬೇಕು.

ಜರ್ಮನಿ ಮತ್ತು ನೆರೆಹೊರೆ

ಜೊತೆಗೆ ಹೋಗುವವರ ದೃಷ್ಟಿಯಿಂದ ನೋಡಿದರೆ ಜರ್ಮನಿಯ ನಿಯಮ ಉದಾರವಾದದ್ದು. ಉದ್ಯೋಗಿ ಇಯು ಬ್ಲೂ ಕಾರ್ಡ್‌ನಲ್ಲಿ ಹೋಗುತ್ತಿದ್ದರೆ ಸಂಗಾತಿಗೆ ಮೊದಲ ದಿನದಿಂದಲೇ ಯಾವ ನಿರ್ಬಂಧವೂ ಇಲ್ಲದೆ ದುಡಿಯುವ ಹಕ್ಕಿದೆ. ಸಾಮಾನ್ಯ ಕುಟುಂಬ ವೀಸಾಕ್ಕೆ ಹೊರಡುವ ಮೊದಲೇ ಎ1 ಮಟ್ಟದ ಜರ್ಮನ್ ಪರೀಕ್ಷೆ ಪಾಸಾಗಬೇಕೆಂಬ ನಿಯಮವಿದೆ. ಬ್ಲೂ ಕಾರ್ಡ್‌ನವರ ಸಂಗಾತಿಗೆ ಅದರಿಂದ ವಿನಾಯಿತಿ. ಸರ್ಕಾರಿ ಆರೋಗ್ಯ ವಿಮೆಯಲ್ಲಿ ದುಡಿಯದ ಸಂಗಾತಿಯನ್ನು ಹೆಚ್ಚುವರಿ ಕಂತಿಲ್ಲದೆ ಸೇರಿಸಬಹುದು.

ಆದರೆ ಕಾನೂನು ಕೊಟ್ಟ ಹಕ್ಕನ್ನು ಭಾಷೆ ಕಿತ್ತುಕೊಳ್ಳುತ್ತದೆ. ಬರ್ಲಿನ್‌ನ ಸಾಫ್ಟ್‌ವೇರ್ ಕಂಪನಿಯಲ್ಲಿ ಇಂಗ್ಲಿಷ್ ಸಾಕಾಗಬಹುದು. ಶಿಕ್ಷಕಿ, ಅಕೌಂಟೆಂಟ್, ಫಾರ್ಮಸಿಸ್ಟ್ ಆಗಿದ್ದವರಿಗೆ ಜರ್ಮನ್ ಇಲ್ಲದೆ ಬಾಗಿಲು ತೆರೆಯುವುದಿಲ್ಲ. ವಿನಾಯಿತಿ ಇದೆ ಎಂದು ಖುಷಿಪಟ್ಟು ಸುಮ್ಮನೆ ಕೂರುವ ಬದಲು ವೀಸಾ ಕಾಯುವ ತಿಂಗಳುಗಳಲ್ಲಿ ಭಾಷಾ ತರಗತಿ ಸೇರುವುದು ಜಾಣತನ. ವೈದ್ಯ, ನರ್ಸ್‌ಗಳಂತಹ ವೃತ್ತಿಯವರಿಗೆ ಎಲ್ಲ ದೇಶದಲ್ಲೂ ಇನ್ನೊಂದು ಮಾತು ಅನ್ವಯಿಸುತ್ತದೆ: ವೀಸಾದಲ್ಲಿ ದುಡಿಯುವ ಹಕ್ಕಿದ್ದರೂ ಅಲ್ಲಿನ ವೃತ್ತಿ ನೋಂದಣಿ ಬೇರೆಯೇ ಆಗಬೇಕು.

ನೆದರ್‌ಲ್ಯಾಂಡ್ಸ್‌ನ ಹೈಲಿ ಸ್ಕಿಲ್ಡ್ ಮೈಗ್ರಂಟ್‌ಗಳ ಸಂಗಾತಿಗೂ ದುಡಿಯಲು ಮುಕ್ತ ಅವಕಾಶವಿದೆ. ಐರ್ಲೆಂಡ್‌ನಲ್ಲಿ ಕ್ರಿಟಿಕಲ್ ಸ್ಕಿಲ್ಸ್ ಪರವಾನಗಿಯವರ ಸಂಗಾತಿಗೆ 'ಸ್ಟಾಂಪ್ 1ಜಿ' ಸಿಗುತ್ತದೆ, ಪ್ರತ್ಯೇಕ ಪರವಾನಗಿ ಬೇಡ.

ಕೆನಡಾ ಬಿಗಿಯಾಯಿತು, ಆಸ್ಟ್ರೇಲಿಯಾ ಹಾಗೆಯೇ ಇದೆ

ಕೆಲ ವರ್ಷಗಳ ಹಿಂದೆ ಕೆನಡಾ ಎಂದರೆ ಸಂಗಾತಿಗೂ ಓಪನ್ ವರ್ಕ್ ಪರ್ಮಿಟ್ ಎಂಬ ಭರವಸೆ ಇತ್ತು. 2025ರ ಜನವರಿ 21ರಿಂದ ಅದು ಆಯ್ದ ಉದ್ಯೋಗಗಳಿಗೆ ಸೀಮಿತ. ಅಲ್ಲಿನ ಉದ್ಯೋಗ ವರ್ಗೀಕರಣವಾದ ಟಿಯರ್ ಪಟ್ಟಿಯ 0 ಮತ್ತು 1ನೇ ಶ್ರೇಣಿಯ ಹುದ್ದೆಗಳು, 2 ಮತ್ತು 3ನೇ ಶ್ರೇಣಿಯ ಆಯ್ದ ಹುದ್ದೆಗಳವರ ಸಂಗಾತಿಗೆ ಮಾತ್ರ ಇದು ಸಿಗುತ್ತದೆ. ಜೊತೆಗೆ ಉದ್ಯೋಗಿಯ ಪರವಾನಗಿಯಲ್ಲಿ ಕನಿಷ್ಠ 16 ತಿಂಗಳು ಬಾಕಿ ಇರಬೇಕು. ಓದಲು ಹೋದವರ ಸಂಗಾತಿಗಾದರೆ 16 ತಿಂಗಳು ಅಥವಾ ಹೆಚ್ಚಿನ ಸ್ನಾತಕೋತ್ತರ ಕೋರ್ಸ್, ಪಿಎಚ್‌ಡಿ ಅಥವಾ ಆಯ್ದ ವೃತ್ತಿಪರ ಕೋರ್ಸ್ ಆಗಿರಬೇಕು. ಒಂದು ವರ್ಷದ ಡಿಪ್ಲೊಮಾಗೆ ಸೇರಿ ಹೆಂಡತಿಗೋ ಗಂಡನಿಗೋ ಪರ್ಮಿಟ್ ಮಾಡಿಸುವ ಹಳೆಯ ಲೆಕ್ಕ ಈಗ ನಡೆಯದು.

ಆಸ್ಟ್ರೇಲಿಯಾದಲ್ಲಿ 2024ರ ಡಿಸೆಂಬರ್ 7ರಂದು ಹಳೆಯ ತಾತ್ಕಾಲಿಕ ಕೌಶಲ ವೀಸಾದ ಜಾಗಕ್ಕೆ 'ಸ್ಕಿಲ್ಸ್ ಇನ್ ಡಿಮಾಂಡ್' ಬಂತು. ಸಂಖ್ಯೆ ಹಳೆಯದೇ, 482. ಅರ್ಜಿಯಲ್ಲಿ ಸೇರಿಸಿದ ಸಂಗಾತಿಗೆ ದುಡಿಯುವ, ಓದುವ ಪೂರ್ಣ ಹಕ್ಕು ಮುಂದುವರಿದಿದೆ.

ಗಲ್ಫ್, ಸಿಂಗಪುರ, ಜಪಾನ್: ಸಂಬಳವೇ ಮಾನದಂಡ

ದುಬೈ, ಅಬುಧಾಬಿ ಎಂದರೆ ಕರಾವಳಿಯವರಿಗೆ ಪಕ್ಕದ ಊರು. ಯುಎಇಯಲ್ಲಿ ಕುಟುಂಬವನ್ನು ಕರೆಸಿಕೊಳ್ಳಲು ತಿಂಗಳಿಗೆ 4,000 ದಿರ್ಹಮ್ ಸಂಬಳ, ಅಥವಾ 3,000 ದಿರ್ಹಮ್ ಮತ್ತು ಕಂಪನಿ ಕೊಟ್ಟ ಮನೆ ಇರಬೇಕು. ಗಂಡನ ಪ್ರಾಯೋಜಕತ್ವದಲ್ಲಿ ಇರುವ ಹೆಂಡತಿ ಅದೇ ವೀಸಾದಲ್ಲಿದ್ದುಕೊಂಡು ಕೆಲಸಕ್ಕೆ ಸೇರಬಹುದು. ಅವಳಿಗೆ ಕಾರ್ಮಿಕ ಸಚಿವಾಲಯದ ಪರವಾನಗಿಯನ್ನು ಕೆಲಸ ಕೊಡುವ ಕಂಪನಿ ಮಾಡಿಸುತ್ತದೆ.

ಇಲ್ಲೊಂದು ಎಚ್ಚರಿಕೆ. ಸಾಮಾನ್ಯ ರೆಸಿಡೆನ್ಸ್ ವೀಸಾದವರು ಸತತ ಆರು ತಿಂಗಳಿಗಿಂತ ಹೆಚ್ಚು ಯುಎಇಯಿಂದ ಹೊರಗಿದ್ದರೆ ಅದು ಅಸಿಂಧುವಾಗುತ್ತದೆ. ಹೆರಿಗೆಗೆ ತವರಿಗೆ ಬಂದು ಏಳನೇ ತಿಂಗಳಿಂದ ಬಾಣಂತನ ಮುಗಿಯುವವರೆಗೆ ಉಳಿದರೆ ಈ ಆರು ತಿಂಗಳು ಗೊತ್ತಾಗದಂತೆ ಕಳೆದುಹೋಗುತ್ತದೆ. ಬರುವ ದಿನವೇ ಎಣಿಕೆ ಆರಂಭಿಸಬೇಕು.

ಸಿಂಗಪುರದಲ್ಲಿ ತಿಂಗಳಿಗೆ ಕನಿಷ್ಠ 6,000 ಸಿಂಗಪುರ ಡಾಲರ್ ನಿಗದಿತ ಸಂಬಳವಿರುವ ಎಂಪ್ಲಾಯ್‌ಮೆಂಟ್ ಪಾಸ್ ಅಥವಾ ಎಸ್ ಪಾಸ್‌ನವರು ಸಂಗಾತಿಗೆ ಡಿಪೆಂಡೆಂಟ್ಸ್ ಪಾಸ್ ಪಡೆಯಬಹುದು. ಮೊದಲು ಈ ಪಾಸ್ ಇದ್ದವರು ಸುಲಭವಾದ ಒಪ್ಪಿಗೆ ಪತ್ರದಲ್ಲಿ ಕೆಲಸ ಮಾಡುತ್ತಿದ್ದರು. 2021ರ ಮೇ 1ರಿಂದ ಕೆಲಸಕ್ಕೆ ಸೇರುವವರು ತಮ್ಮದೇ ವರ್ಕ್ ಪಾಸ್ ಪಡೆಯಬೇಕು, ಅದರ ಸಂಬಳದ ಮಿತಿಯನ್ನೂ ಮುಟ್ಟಬೇಕು. ಜಪಾನ್‌ನಲ್ಲಿ ಅವಲಂಬಿತರ ವೀಸಾದವರು ಪ್ರತ್ಯೇಕ ಅನುಮತಿ ಪಡೆದು ವಾರಕ್ಕೆ 28 ಗಂಟೆವರೆಗೆ ದುಡಿಯಬಹುದು.

ಮದುವೆಯಾಗದೆ ಜೊತೆಗಿರುವವರು

ಬ್ರಿಟನ್, ಕೆನಡಾ, ಆಸ್ಟ್ರೇಲಿಯಾಗಳು ಮದುವೆಯಾಗದ ಸಂಗಾತಿಗಳನ್ನೂ ಒಪ್ಪುತ್ತವೆ. ಬ್ರಿಟನ್ನಿಗೆ ಎರಡು ವರ್ಷದ ಸಂಬಂಧದ ಪುರಾವೆ ಬೇಕು. ಕೆನಡಾಕ್ಕೆ ಒಂದು ವರ್ಷ ಒಂದೇ ಮನೆಯಲ್ಲಿ ವಾಸಿಸಿದ ಪುರಾವೆ, ಆಸ್ಟ್ರೇಲಿಯಾಕ್ಕೆ ಸಾಮಾನ್ಯವಾಗಿ 12 ತಿಂಗಳ ಸಂಬಂಧದ ಪುರಾವೆ ಬೇಕು. ಇಬ್ಬರ ಹೆಸರಿನ ಬಾಡಿಗೆ ಕರಾರು, ಜಂಟಿ ಖಾತೆ, ಒಂದೇ ವಿಳಾಸಕ್ಕೆ ಬಂದ ಬಿಲ್‌ಗಳು ಇಲ್ಲಿ ಸಾಕ್ಷಿ. ಅಮೆರಿಕದ ಎಚ್‌-4, ಎಲ್‌-2ಗಳಿಗೆ ಮದುವೆ ಆಗಿರಲೇಬೇಕು. ಮದುವೆಯಾಗದ ಸಂಗಾತಿ ಅಲ್ಲಿಗೆ ಬಿ-2 ಪ್ರವಾಸಿ ವೀಸಾದಲ್ಲಿ ಹೋಗಲು ಪ್ರಯತ್ನಿಸಬಹುದು, ದುಡಿಯುವ ಮಾತಿಲ್ಲ.

ಸಲಿಂಗಿ ಜೋಡಿಗಳಿಗೆ ಈ ವ್ಯತ್ಯಾಸ ಇನ್ನೂ ಮುಖ್ಯ. 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟ್ ಸಲಿಂಗ ವಿವಾಹಕ್ಕೆ ಕಾನೂನು ಮಾನ್ಯತೆ ನೀಡಲು ನಿರಾಕರಿಸಿದ್ದರಿಂದ ಭಾರತದಲ್ಲಿ ಅವರಿಗೆ ವಿವಾಹ ಪ್ರಮಾಣಪತ್ರ ಸಿಗುವುದಿಲ್ಲ. ಮದುವೆ ಇಲ್ಲದೆಯೂ ಸಂಬಂಧವನ್ನು ಒಪ್ಪುವ ದೇಶಗಳೇ ಅವರಿಗೆ ಹತ್ತಿರದ ದಾರಿ.

ಕೆಲಸ ಹೋದರೆ, ಮನಸ್ಸು ಮುರಿದರೆ

ಮಂಗಳ ಕಾರ್ಯಕ್ಕೆ ಹೊರಟಾಗ ಅಪಶಕುನದ ಮಾತೇಕೆ ಎಂದು ಮನೆಯ ಹಿರಿಯರು ಗದರಬಹುದು. ಆದರೂ ಇದನ್ನು ಓದದೆ ಹೊರಡಬಾರದು.

ಅಮೆರಿಕದಲ್ಲಿ ಎಚ್‌-1ಬಿ ಉದ್ಯೋಗಿ ಕೆಲಸ ಕಳೆದುಕೊಂಡರೆ ಹೆಚ್ಚೆಂದರೆ 60 ದಿನಗಳ ಗಡುವು. ಸಂಗಾತಿ, ಮಕ್ಕಳಿಗೂ ಅಷ್ಟೇ. ಅಷ್ಟರೊಳಗೆ ಹೊಸ ಕಂಪನಿಯ ಅರ್ಜಿ ಸಲ್ಲಿಕೆಯಾಗಬೇಕು, ವೀಸಾ ಸ್ಥಿತಿ ಬದಲಿಸಲು ಅರ್ಜಿ ಹಾಕಬೇಕು, ಇಲ್ಲವೇ ಹೊರಡಬೇಕು. ವಿಚ್ಛೇದನದ ಆದೇಶ ಬಂದರೆ ಎಚ್‌-4 ಸ್ಥಿತಿ ಕೊನೆಗೊಳ್ಳುತ್ತದೆ. ಮಕ್ಕಳಿಗೆ 21 ತುಂಬಿದರೂ ಹಾಗೆಯೇ. ಗ್ರೀನ್ ಕಾರ್ಡ್ ಸಾಲಿನಲ್ಲಿ ವರ್ಷಗಟ್ಟಲೆ ನಿಂತಿರುವ ಭಾರತೀಯ ಕುಟುಂಬಗಳಲ್ಲಿ, ಅಲ್ಲಿಯೇ ಬೆಳೆದ ಮಕ್ಕಳು 21ಕ್ಕೆ ಬೇರೆ ವೀಸಾ ಹುಡುಕಬೇಕಾಗಿದೆ.

ಹೊಡೆತ, ಬೆದರಿಕೆ ಸಹಿಸಿಕೊಂಡಿರುವ ಎಚ್‌-4 ಸಂಗಾತಿಗೆ ಅಮೆರಿಕದ ಕಾನೂನು ಪ್ರತ್ಯೇಕ ಉದ್ಯೋಗ ಪರವಾನಗಿ ಕೊಡುತ್ತದೆ. ಗಂಡನ ಐ-140 ಮಂಜೂರಾಗಿರಬೇಕೆಂಬ ಷರತ್ತು ಇದಕ್ಕಿಲ್ಲ, ಅವನ ಸಹಿಯೂ ಬೇಡ. ಅರ್ಜಿ ನಮೂನೆಯ ಹೆಸರು ಐ-765ವಿ. ಬ್ರಿಟನ್ನಿನಲ್ಲಿ 2024ರ ಫೆಬ್ರುವರಿಯಿಂದ ಕೆಲಸದ ವೀಸಾದವರ ಸಂಗಾತಿಯೂ ಕೌಟುಂಬಿಕ ದೌರ್ಜನ್ಯದಿಂದ ಹೊರಬಂದರೆ, ನೆರವು ಪಡೆಯುತ್ತ ಮೂರು ತಿಂಗಳು ಉಳಿಯಲು ಅರ್ಜಿ ಹಾಕಬಹುದು. ಜರ್ಮನಿಯಲ್ಲಿ ದಂಪತಿ ಮೂರು ವರ್ಷ ಅಲ್ಲಿ ಒಟ್ಟಿಗೆ ಬಾಳಿದ್ದರೆ, ಬೇರೆಯಾದ ಮೇಲೂ ಸಂಗಾತಿಗೆ ಸ್ವತಂತ್ರ ವಾಸದ ಹಕ್ಕಿದೆ. ದೌರ್ಜನ್ಯದಂತಹ ಪ್ರಕರಣದಲ್ಲಿ ಮೂರು ವರ್ಷದ ಷರತ್ತನ್ನೂ ಬಿಡಬಹುದು. ಯುಎಇಯಲ್ಲಿ ವಿಧವೆಗೆ ಅಥವಾ ವಿಚ್ಛೇದಿತೆಗೆ ಪ್ರಾಯೋಜಕರಿಲ್ಲದೆ ಒಂದು ವರ್ಷ ಉಳಿಯುವ ಅವಕಾಶವಿದೆ.

ಅನಿವಾಸಿ ಪತಿಯಿಂದ ತೊರೆಯಲ್ಪಟ್ಟ ಮಹಿಳೆಯರ ದೂರುಗಳಿಗೆ ದೆಹಲಿಯ ರಾಷ್ಟ್ರೀಯ ಮಹಿಳಾ ಆಯೋಗದಲ್ಲಿ 2009ರಿಂದ ಎನ್‌ಆರ್‌ಐ ವಿಭಾಗವಿದೆ. ಪಾಸ್‌ಪೋರ್ಟ್, ವಿವಾಹ ಪ್ರಮಾಣಪತ್ರ, ವೀಸಾ ಪ್ರತಿಗಳನ್ನು ಸ್ವಂತ ಇಮೇಲ್‌ನಲ್ಲೂ ತವರಿನಲ್ಲೂ ಒಂದೊಂದು ಇಟ್ಟುಕೊಂಡಿದ್ದರೆ ದೂರು ಕೊಡುವ ದಿನ ಯಾರ ಕಪಾಟನ್ನೂ ತಡಕಾಡಬೇಕಿಲ್ಲ.

ದಾಖಲೆ: ಮದುವೆ ಆಲ್ಬಂ ಸಾಲದು

ಹೆಚ್ಚು ಅರ್ಜಿಗಳು ತಡವಾಗುವುದು ದೊಡ್ಡ ಕಾನೂನಿನ ಕಾರಣಕ್ಕಲ್ಲ, ವಿವಾಹ ನೋಂದಣಿ ಆಗಿಲ್ಲ ಎಂಬ ಕಾರಣಕ್ಕೆ. ವಿವಾಹ ನೋಂದಣಿ ಕಡ್ಡಾಯವಾಗಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2006ರಲ್ಲಿ. ಆದರೂ ಛತ್ರದ ರಸೀದಿ, ಲಗ್ನಪತ್ರಿಕೆ, ದೇವಸ್ಥಾನದ ಚೀಟಿ ಇಟ್ಟುಕೊಂಡು ನಿಶ್ಚಿಂತೆಯಿಂದಿರುವ ದಂಪತಿಗಳು ಕಡಿಮೆಯೇನಿಲ್ಲ. ವೀಸಾ ಅಧಿಕಾರಿಗೆ ಬೇಕಾದದ್ದು ನೋಂದಣಾಧಿಕಾರಿ ಕೊಟ್ಟ ಪ್ರಮಾಣಪತ್ರ. ಕರ್ನಾಟಕದಲ್ಲಿ ಮದುವೆಯಾದವರು ಅಲ್ಲಿನ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಮಾಡಿಸಬಹುದು, ಕಾವೇರಿ 2.0 ಪೋರ್ಟಲ್ ಮೂಲಕ ಅರ್ಜಿ ಹಾಕಬಹುದು. ಮುಂಬೈ, ಪುಣೆಯಲ್ಲಿ ನೆಲೆಸಿದವರಿಗೆ ಮಹಾರಾಷ್ಟ್ರದ 1998ರ ಕಾಯ್ದೆ, ಹೈದರಾಬಾದ್‌ನವರಿಗೆ 2002ರ ಕಾಯ್ದೆ, ಚೆನ್ನೈನವರಿಗೆ ತಮಿಳುನಾಡಿನ 2009ರ ಕಾಯ್ದೆ, ದೆಹಲಿಯವರಿಗೆ 2014ರ ಆದೇಶ ಇದೆ.

ಎಲ್ಲಿ ಮಾಡಿಸಬೇಕೆಂದು ನಿರ್ಧರಿಸುವಾಗ ಮುಂದಿನ ಹೆಜ್ಜೆಯನ್ನೂ ನೋಡಿ. ಹಲವು ದೇಶಗಳು ಪ್ರಮಾಣಪತ್ರಕ್ಕೆ ಅಪೊಸ್ಟಿಲ್ ಮುದ್ರೆ ಕೇಳುತ್ತವೆ. ಯುಎಇ ಅಪೊಸ್ಟಿಲ್ ಒಪ್ಪಂದದಲ್ಲಿ ಇಲ್ಲದ್ದರಿಂದ ವಿದೇಶಾಂಗ ಸಚಿವಾಲಯದ ದೃಢೀಕರಣದ ಮೇಲೆ ಅದರ ರಾಯಭಾರ ಕಚೇರಿಯ ಮುದ್ರೆಯೂ ಬೇಕು. ಎರಡೂ ದಾರಿಯಲ್ಲಿ, ಪ್ರಮಾಣಪತ್ರ ಕೊಟ್ಟ ರಾಜ್ಯವೇ ಮೊದಲು ಅದನ್ನು ದೃಢೀಕರಿಸಬೇಕು. ಹುಬ್ಬಳ್ಳಿಯಲ್ಲಿ ಪಡೆದ ಪ್ರಮಾಣಪತ್ರಕ್ಕೆ ಮುಂಬೈನ ಮಂತ್ರಾಲಯ ಮುದ್ರೆ ಹಾಕುವುದಿಲ್ಲ, ಅದು ಕರ್ನಾಟಕದ ಕೆಲಸ. ಇದು ಗೊತ್ತಿಲ್ಲದೆ ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಓಡಾಡಿ ವಾರಗಟ್ಟಲೆ ಕಳೆಯಬೇಕಾಗುತ್ತದೆ.

ಇನ್ನು ಹೆಸರು. ಕನ್ನಡಿಗರಿಗೆ ಇದು ಹಳೆಯ ತಲೆನೋವು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್, ಆಧಾರ್‌ನಲ್ಲಿ ತಂದೆಯ ಪೂರ್ತಿ ಹೆಸರು, ಪಾಸ್‌ಪೋರ್ಟ್‌ನಲ್ಲಿ ಊರಿನ ಹೆಸರು, ವಿವಾಹ ಪ್ರಮಾಣಪತ್ರದಲ್ಲಿ ಗಂಡನ ಹೆಸರು! ನಾಲ್ಕೂ ಒಬ್ಬಳೇ ಎಂದು ವೀಸಾ ಅಧಿಕಾರಿ ತಾನಾಗಿ ಊಹಿಸುವುದಿಲ್ಲ. ಪಾಸ್‌ಪೋರ್ಟಿನಲ್ಲಿ ಒಂದೇ ಪದದ ಹೆಸರಿದ್ದರೆ ಅಮೆರಿಕದ ವೀಸಾದಲ್ಲಿ ಮೊದಲ ಹೆಸರಿನ ಜಾಗಕ್ಕೆ 'ಎಫ್‌ಎನ್‌ಯು' ಎಂದು ಬರುತ್ತದೆ. 'ಮೊದಲ ಹೆಸರು ಗೊತ್ತಿಲ್ಲ' ಎಂಬುದರ ಸಂಕ್ಷೇಪ ಅದು. ಮುಂದೆ ಅದೇ ಬ್ಯಾಂಕ್, ಲೈಸೆನ್ಸ್ ಎಲ್ಲ ಕಡೆ ಅಂಟಿಕೊಳ್ಳುತ್ತದೆ. ಯುಎಇ 2022ರ ನವೆಂಬರ್‌ನಿಂದ ಒಂದೇ ಪದದ ಹೆಸರಿನವರಿಗೆ ಭೇಟಿ ವೀಸಾ ಕೊಡುತ್ತಿಲ್ಲ.

ಮದುವೆಯಾದ ಮೇಲೆ ಹೆಸರು ಬದಲಿಸಲೇಬೇಕೆಂದು ಯಾವ ನಿಯಮವೂ ಇಲ್ಲ. ಹಳೆಯ ಹೆಸರಿನಲ್ಲೇ ಪಾಸ್‌ಪೋರ್ಟ್ ಇಟ್ಟುಕೊಂಡು, ವಿವಾಹ ನೋಂದಣಿಯನ್ನೂ ಅದೇ ಹೆಸರು, ಅದೇ ಕಾಗುಣಿತದಲ್ಲಿ ಮಾಡಿಸುವುದು ಎಲ್ಲಕ್ಕಿಂತ ಸುಲಭ. ನೋಂದಣಿ ಅರ್ಜಿ ತುಂಬುವಾಗ ಇಬ್ಬರ ಪಾಸ್‌ಪೋರ್ಟನ್ನೂ ಪಕ್ಕದಲ್ಲಿಟ್ಟುಕೊಂಡು ಅಕ್ಷರ ಅಕ್ಷರ ಹೋಲಿಸಿ ಬರೆಯಿರಿ.